ಗಾಂಧಿ ಕ್ಲಾಸಿನಿಂದ: ಟಾಕೀಸಿಗೆ ಬೀಗ, ನಲ್ಲಿ ಕಟ್ಟೆಗೆ ಗೇಟ್‌ಕೀಪರ್!

ಕಡೂರಿನಿಂದ ಓದುಗ ಮಿತ್ರರೊಬ್ಬರು ಕಾರ್ಡು ಹಾಕಿದ್ದಾರೆ. 'ಕೊರೊನಾ ಕಾಲದಲ್ಲಿ ನಮ್ಮ ತಾರೆಯರು ಏನು ಮಾಡುತ್ತಿದ್ದರು, ಸ್ವಲ್ಪ ಬರೆಯಿರಿ ಸಾರ್' ಅಂತ. ಬರೆಯೋಣ, ಅದಕ್ಕೇನಂತೆ! ಪುನೀತ್ ರಾಜ್‌ಕುಮಾರ್ 2020ರ ಮಾರ್ಚ್‌ನಲ್ಲೇ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಯಶ್ 2021ರ ಜೂನ್‌ನಲ್ಲಿ ಚಿತ್ರರಂಗದ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ತಲಾ 5,000 ರೂಪಾಯಿ ಘೋಷಿಸಿದರು. ಉಪೇಂದ್ರ ರೈತರಿಂದ ತರಕಾರಿ ಕೊಂಡು ಹಂಚಿಸಿದರು. ಇದೆಲ್ಲಾ ಆಗಲೇ ಪೇಪರಿನಲ್ಲಿ ಬಂದಿದೆ, ಫೋಟೋ ಸಮೇತ. ನಾನು ಮತ್ತೆ ಬರೆದರೆ ಹಳೇ ರೀಲನ್ನು ಹೊಸ ಡಬ್ಬಕ್ಕೆ ತುಂಬಿದ ಹಾಗೆ!

ಪೇಪರಿನಲ್ಲಿ ಬಾರದವರ ಸುದ್ದಿ ನನ್ನ ಹತ್ತಿರ ಒಂದಿಷ್ಟಿದೆ. ಈ ವಾರ ಅದನ್ನೇ ಓದಿ ಬಿಡಿ.

ನಮ್ಮೂರು ತಿಪಟೂರು ಕಡೆ. ಸುತ್ತ ತೆಂಗಿನ ತೋಟ, ಮಧ್ಯೆ ಒಂದು ಬಸ್‌ಸ್ಟ್ಯಾಂಡು, ಅದರ ಹಿಂದೆ ಒಂದೇ ಒಂದು ಟಾಕೀಸು. 2020ರ ಮಾರ್ಚ್ 13ರ ಸಂಜೆ ಸರ್ಕಾರದ ಆದೇಶ ಬಂತು, ನಾಳೆಯಿಂದ ಒಂದು ವಾರ ಚಿತ್ರಮಂದಿರ ಬಂದ್. ಒಂದು ವಾರ ತಾನೇ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆವಾಗ ನಮ್ಮೂರಲ್ಲಿ ಇದ್ದದ್ದು 'ಶಿವಾರ್ಜುನ'. ಚಿರಂಜೀವಿ ಸರ್ಜಾ ಪಿಕ್ಚರು, 12ನೇ ತಾರೀಖು ಬಿಡುಗಡೆಯಾಗಿ ಎರಡೇ ದಿನ ಆಗಿತ್ತು. ಪೋಸ್ಟರಿನ ಮೈದಾ ಅಂಟು ಸರಿಯಾಗಿ ಒಣಗಿರಲಿಲ್ಲ, ಗೇಟಿಗೆ ಬೀಗ ಬಿತ್ತು. ಮಾರ್ಚ್ 25ಕ್ಕೆ ದೇಶಕ್ಕೇ ಬೀಗ. ನಮ್ಮ ಗಾಂಧಿನಗರವೂ ಖಾಲಿ, ನಾನೂ ಗಂಟುಮೂಟೆ ಕಟ್ಟಿಕೊಂಡು ಊರು ಸೇರಿದ್ದೆ.

ಟಾಕೀಸನ್ನು ನಂಬಿಕೊಂಡವರು ಆರು ಜನ. ಬುಕ್ಕಿಂಗಿನವರು, ಕಸ ಗುಡಿಸೋ ಅಮ್ಮ, ಕ್ಯಾಂಟೀನಿನ ಬೋಂಡಾದವನು, ಮೈಕಿನ ಆಟೋ ಅಣ್ಣ, ಆಪ್ರೇಟರ್ ಮಾವ, ಮತ್ತೆ ಗೇಟಣ್ಣ. ಗೇಟಣ್ಣನಿಗೆ ಹೆಸರಿಲ್ಲ ಅಂತಲ್ಲ. ಊರಿಗೆಲ್ಲಾ ಅವರು ಗೇಟಣ್ಣನೇ. ಮೂವತ್ತು ವರ್ಷ ಟಿಕೆಟ್ ಹರಿದ ಕೈ. ಕತ್ತಲಲ್ಲಿ ಬ್ಯಾಟರಿ ಬಿಟ್ಟರೆ ಯಾವ ಹುಡುಗ ಯಾರ ಮಗ, ಯಾವ ಕಾಲೇಜು ತಪ್ಪಿಸಿಕೊಂಡು ಬಂದಿದ್ದಾನೆ, ಎಲ್ಲಾ ಗೊತ್ತಾಗೋದು ಅವರಿಗೆ. (ನಿಮ್ಮೂರಲ್ಲೂ ಅಂಥವರೊಬ್ಬರ ಕೈಲಿ ನೀವು ಸಿಕ್ಕಿಬಿದ್ದಿರಬೇಕು, ಸುಳ್ಳು ಹೇಳಬೇಡಿ!) ಮೊದಲ ತಿಂಗಳು ಅರ್ಧ ಸಂಬಳ ಸಿಕ್ಕಿತು. ಆಮೇಲೆ ಅದೂ ಇಲ್ಲ. ಮಾಲೀಕರನ್ನು ಬಯ್ಯೋಕೂ ಆಗಲ್ಲ, ಆಟ ಇಲ್ಲದೆ ದುಡ್ಡು ಎಲ್ಲಿಂದ ಬರಬೇಕು? ರೇಷನ್ ಅಂಗಡೀಲಿ ಏಪ್ರಿಲ್‌ನಿಂದ ತಲೆಗೆ 5 ಕೆ.ಜಿ. ಅಕ್ಕಿ ಹೆಚ್ಚಿಗೆ ಕೊಟ್ಟರಲ್ಲ, ಆ ಅಕ್ಕಿಯೇ ಒಲೆ ಉರಿಸಿದ್ದು.

ಇವರಲ್ಲಿ ಕೆಲಸ ಹೋಗದೇ ಇದ್ದವನು ಮೈಕಿನ ಆಟೋ ಅಣ್ಣ ಒಬ್ಬನೇ. ಪಟ್ಟಣ ಪಂಚಾಯ್ತಿಯವರು ಅವನನ್ನು ಕರೆದು, ಕೈ ತೊಳೀರಿ, ಮಾಸ್ಕ್ ಹಾಕಿ, ಮನೇಲೇ ಇರಿ ಅಂತ ಸಾರೋ ಕೆಲಸ ಕೊಟ್ಟರು. ಇಪ್ಪತ್ತು ವರ್ಷ ಸಿನಿಮಾ ಕೂಗಿದ ಗಂಟಲು ಸ್ವಾಮಿ, ಸುಮ್ಮನೆ ಬಿಡುತ್ತಾ? ಮೊದಲ ದಿನ ನಮ್ಮ ಬೀದಿಗೆ ಬಂದವನು 'ಮಹಾಜನಗಳೇ! ನಿಮ್ಮ ನೆಚ್ಚಿನ ಪಟ್ಟಣದಲ್ಲಿ ಇಂದಿನಿಂದ ಅದ್ಧೂರಿ ಲಾಕ್‌ಡೌನ್! ದಿನವಹಿ...' ಅಂದು ನಾಲಿಗೆ ಕಚ್ಚಿಕೊಂಡ. ಹೆಂಗಸರು ಬಾಗಿಲ ಸಂದಿಯಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ಆ ತಿಂಗಳಲ್ಲಿ ನಮ್ಮ ಬೀದಿ ನಕ್ಕಿದ್ದು ಅದೊಂದೇ ಸಲ ಇರಬೇಕು.

ಬರ್ತಾ ಬರ್ತಾ ಆ ಆಟೋನೇ ಊರಿನ ಪೇಪರ್ ಆಯಿತು. ಹಾಲಿನ ಡೈರಿ ಎಷ್ಟು ಗಂಟೆಗೆ ತೆಗೆಯುತ್ತೆ, ಆಶಾ ಅಕ್ಕ ಯಾವ ಬೀದಿಗೆ ಬರ್ತಾರೆ, ಎಲ್ಲಾ ಅದರಲ್ಲೇ. ಜನ ಚೀಟಿ ಕೊಡೋಕೆ ಶುರು ಮಾಡಿದರು. 'ಕೋಟೆ ಬೀದಿ ಅಜ್ಜಿಗೆ ಬಿಪಿ ಮಾತ್ರೆ ಮುಗಿದಿದೆ, ಮೆಡಿಕಲ್ ಸ್ಟೋರಿನವರು ಗಮನಿಸಿ.' 'ಸಂತೆಪೇಟೆಯಲ್ಲಿ ಹಸು ಕರು ಹಾಕಿದೆ, ಗಿಣ್ಣು ಬೇಕಾದವರು ಪಾತ್ರೆ ತನ್ನಿ, ದೂರ ನಿಲ್ಲಿ!' ಇದನ್ನೂ ಮೈಕಿನಲ್ಲಿ ಕೂಗಿದ, ಅದೇ ಸಿನಿಮಾ ದನಿಯಲ್ಲಿ.

ಅಂದ ಹಾಗೆ, ಮೇ 4ನೇ ತಾರೀಖು ಮದ್ಯದಂಗಡಿ ತೆರೆದಾಗ ಅವನು ಕೂಗೋ ಅಗತ್ಯವೇ ಬೀಳಲಿಲ್ಲ. ಬೆಳಗಾಗುವುದರೊಳಗೆ ಹೌಸ್‌ಫುಲ್! ಯಾವ ಸ್ಟಾರ್ ಪಿಕ್ಚರಿನ ಮೊದಲ ದಿನಕ್ಕೂ ಅಷ್ಟು ಶಿಸ್ತಿನ ಕ್ಯೂ ನಾನು ನೋಡಿಲ್ಲ.

ಈಗ ಗೇಟಣ್ಣನ ಸಂಗತಿಗೆ ಬರ್ತೀನಿ.

ಅದೇ ಮೇ ಕೊನೆಗೆ ನಮ್ಮ ಬೀದಿಯ ಒಂದು ಸಂಸಾರ ಮುಂಬೈಯಿಂದ ವಾಪಸು ಬಂತು. ಗಂಡ, ಹೆಂಡತಿ, ಎರಡು ಮಕ್ಕಳು. ಹದಿನೈದು ವರ್ಷದಿಂದ ಅಲ್ಲಿ ಕ್ಯಾಂಟೀನ್ ಕೆಲಸ. ಸರ್ಕಾರದ ಲೆಕ್ಕದ ಪ್ರಕಾರ ಹಾಸ್ಟೆಲ್ಲಿನಲ್ಲಿ ಕ್ವಾರಂಟೈನ್ ಮುಗಿಸಿ, ಪರೀಕ್ಷೆ ಮಾಡಿಸಿಕೊಂಡು, ರೋಗ ಇಲ್ಲ ಅಂತ ಗೊತ್ತಾದ ಮೇಲೇ ಮನೆಗೆ ಬಂದವರು. ಮನೆ ಅಂದರೆ ಅವರದೇ, ಅಪ್ಪ ಕಟ್ಟಿಸಿದ್ದು. ಆದರೆ ಬೀದಿಗಿರೋದು ಒಂದೇ ನಲ್ಲಿ. ಆಯಮ್ಮ ಬಿಂದಿಗೆ ಹಿಡಿದು ಬಂದರೆ ಕ್ಯೂನಲ್ಲಿದ್ದವರೆಲ್ಲಾ ಕೊಡ ಎತ್ತಿಕೊಂಡು ಹಿಂದೆ ಸರಿದರು. ಒಬ್ಬರು ಬಾಯಿ ಬಿಟ್ಟು ಹೇಳೇಬಿಟ್ಟರು: 'ನೀವು ಈ ನಲ್ಲಿ ಮುಟ್ಟಬೇಡಿ ಕಣಮ್ಮ.' ಹೇಳಿದವರು ಕೆಟ್ಟವರೇನಲ್ಲ. ಹಬ್ಬಕ್ಕೆ ಒಬ್ಬಟ್ಟು ಹಂಚೋ ಮನೆಯವರೇ. ಆ ಮಕ್ಕಳ ಅಜ್ಜಿ ಸತ್ತಾಗ ಹೆಗಲು ಕೊಟ್ಟ ಮನೆಯವರೇ. ಭಯ ಅಂದರೆ ಏನು ಅಂತ ಆವತ್ತು ನೋಡಿದೆ ನಾನು. ಆಯಮ್ಮ ಮಾತಾಡದೆ ಖಾಲಿ ಬಿಂದಿಗೆ ಹೊತ್ತುಕೊಂಡು ಒಳಗೆ ಹೋದರು.

ಸುದ್ದಿ ಗೇಟಣ್ಣನ ಕಿವಿಗೆ ಬಿತ್ತು. ಅವರಿದ್ದದ್ದು ಪಕ್ಕದ ಬೀದಿ. ಮಾರನೇ ದಿನ ಬೆಳಗಿನ ಜಾವ ಐದಕ್ಕೆ, ಟಾಕೀಸಿನ ಖಾಕಿ ಷರಟು ಹಾಕಿಕೊಂಡು, ಬ್ಯಾಟರಿ ಹಿಡಿದು ನಲ್ಲಿ ಕಟ್ಟೆ ಹತ್ತಿರ ಬಂದು ನಿಂತರು! ಸುಣ್ಣದಲ್ಲಿ ಆರಾರು ಅಡಿಗೊಂದು ಗುಂಡು ಬರೆದಿದ್ದರು.

'ಒಬ್ಬೊಬ್ರೇ, ಒಬ್ಬೊಬ್ರೇ! ಯಾಕೆ ನುಗ್ತೀರಾ, ನೀರು ಎಲ್ಲೂ ಓಡಿ ಹೋಗಲ್ಲ! ಇವತ್ತಿಂದ ನಲ್ಲಿಗೆ ಮೂರಾಟ. ಮೊದಲನೇ ಆಟ ಮೇಲಿನ ಸಾಲು. ಎರಡನೇದು ಕೆಳಗಿನ ಸಾಲು. ಮೂರನೇ ಆಟ ಮುಂಬೈ ಮನೆಯವರದು.'

'ಅವರು ಮುಟ್ಟಿದ ಮೇಲೆ ನಾಳೆ ನಾವು ಮುಟ್ಟೋದು ಹೆಂಗೆ ಗೇಟಣ್ಣ?' ಅಂತ ಒಬ್ಬರು ಜೋರು ಮಾಡಿದರು.

'ಆಟ ಮುಗಿದ ಮೇಲೆ ಹಾಲ್ ಗುಡಿಸಲ್ವಾ? ಗುಡಿಸ್ತೀನಿ.'

ಗುಡಿಸಿದರು. ಆ ಮನೆಯವರು ನೀರು ಹಿಡಿದುಕೊಂಡು ಹೋದ ಮೇಲೆ ದಿನಾ ಸೋಪಿನ ನೀರು ಹಾಕಿ ನಲ್ಲಿ ಉಜ್ಜಿದರು. ಅವರು ಉಜ್ಜಿದ್ದು ರೋಗ ಇದೆ ಅಂತಲ್ಲ, ನೋಡೋರ ಕಣ್ಣಿಗೆ ಸಮಾಧಾನ ಆಗಲಿ ಅಂತ. ಹತ್ತು ದಿನಕ್ಕೆ ಆ ಮೂರನೇ ಆಟವೇ ರದ್ದಾಯಿತು. ಕೆಳಗಿನ ಸಾಲಿನ ಹೆಂಗಸರೇ 'ಬಾ ತಾಯಿ, ನೀನೂ ನಮ್ಮ ಜೊತೆ ಹಿಡ್ಕೋ' ಅಂದರು. ಈ ಹತ್ತೂ ದಿನ ಗೇಟಣ್ಣನ ಮನೆಯಲ್ಲಿ ಒಂದು ಹೊತ್ತು ಗಂಜಿ ಅನ್ನೋದು ನಮಗೆ ಗೊತ್ತಾಗಿದ್ದು ಆಮೇಲೆ.

ಗೊತ್ತಾಗಿದ್ದು ಹೆಂಗೆ ಅಂದರೆ, ನಮ್ಮ ಹುಡುಗರಿಂದ. ನಮ್ಮೂರಲ್ಲಿ ಎರಡು ಅಭಿಮಾನಿ ಸಂಘ, ಬಸ್‌ಸ್ಟ್ಯಾಂಡಿನವರದು ಒಂದು, ಸಂತೆಪೇಟೆಯವರದು ಇನ್ನೊಂದು. ಯಾರ ಅಭಿಮಾನಿಗಳು ಅಂತ ಹೇಳಲ್ಲ, ಹೇಳಿದರೆ ನಮ್ಮ ಆಫೀಸಿನ ಗಾಜು ಉಳಿಯಲ್ಲ! ಇವರ ಪೋಸ್ಟರಿಗೆ ಅವರು ಸಗಣಿ, ಅವರ ಕಟೌಟಿಗೆ ಇವರು ಬ್ಲೇಡು. ಊರಿನ ಹಿರಿಯರ ಬಾಯಲ್ಲಿ ಇಬ್ಬರೂ 'ದಂಡಪಿಂಡ'ಗಳೇ. ಆದರೆ ಕಟೌಟಿನ ಹಾಲಿಗೆ ಅಂತ ವರ್ಷಾ ಎತ್ತೋ ಚಂದಾ ಇರುತ್ತಲ್ಲ, ಆ ದುಡ್ಡಿಗೆ ಕೆಲಸ ಇರಲಿಲ್ಲ. ಸಂತೆಪೇಟೆಯವರು ಆ ದುಡ್ಡಲ್ಲಿ ಹಾಲಿನ ಪ್ಯಾಕೆಟ್ ಕೊಂಡು ಸೀಲ್‌ಡೌನ್ ಆದ ಮನೆಗಳ ಗೇಟಿಗೆ ಸಿಕ್ಕಿಸೋಕೆ ಶುರು ಮಾಡಿದರು. ಬಸ್‌ಸ್ಟ್ಯಾಂಡಿನವರು ಬಿಡ್ತಾರಾ? ಅವರದು ಹಾಲಿನ ಜೊತೆ ಬ್ರೆಡ್ಡು! ಆಮೇಲೆ ಇವರು ಬೇಳೆ, ಅವರು ಎಣ್ಣೆ. ಪೈಪೋಟಿ ಇದ್ದದ್ದೇ, ಆದರೆ ಲಾಭ ಆಗಿದ್ದು ಊರಿಗೆ. ಪ್ಯಾಕೆಟ್ಟಿನ ಮೇಲೆ ತಂತಮ್ಮ ಸ್ಟಾರ್ ಫೋಟೋ ಅಂಟಿಸಿದ್ದು ನಿಜ. ಇರಲಿ ಬಿಡಿ, ಫೋಟೋ ಇಲ್ಲದೆ ಕೊಡೋರು ಆ ಕಾಲದಲ್ಲಿ ಎಷ್ಟು ಜನ ಇದ್ದರು? ಟಾಕೀಸಿನ ಆರು ಮನೆಗೂ ಕಿಟ್ ಹೋಗಿದ್ದು ಇವರಿಂದಲೇ. ಗೇಟಣ್ಣ ಬೇಡ ಅಂದರಂತೆ. 'ಮೂವತ್ತು ವರ್ಷ ನಮ್ಮನ್ನ ಬ್ಲ್ಯಾಕ್ ಟಿಕೆಟ್ಟಲ್ಲೂ ಒಳಗೆ ಬಿಟ್ಟಿದೀರಾ, ಇದನ್ನ ಒಳಗೆ ಬಿಡಲ್ವಾ?' ಅಂದ ಮೇಲೆ ತಗೊಂಡರು.

ಹಾಗೇ ಆಶಾ ಅಕ್ಕಂದಿರನ್ನೂ ನೆನೆಯಬೇಕು. ಬಿಸಿಲಲ್ಲಿ ಮನೆಮನೆ ತಿರುಗಿ, ಬೈಸಿಕೊಂಡು, ಪಟ್ಟಿ ಬರೆದವರು ಅವರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಕೇಳಿಕೊಂಡು ಅದೇ 2020ರ ಜುಲೈನಲ್ಲಿ ರಾಜ್ಯದ ತುಂಬ ಮುಷ್ಕರ ಹೂಡಬೇಕಾಯಿತು. ತಟ್ಟೆ ಬಾರಿಸಿದ ಕೈಗಳು ಆವಾಗ ಎಲ್ಲಿದ್ದವೋ!

ಇತ್ತ ಟಾಕೀಸಿನ ಗೋಡೆ ಮೇಲೆ 'ಶಿವಾರ್ಜುನ' ಪೋಸ್ಟರು ಬಿಸಿಲಿಗೆ ಬೆಳ್ಳಗಾಗ್ತಾ ಇತ್ತು. ಜೂನ್ 7, ಭಾನುವಾರ, ಚಿರಂಜೀವಿ ಸರ್ಜಾ ಹೃದಯಾಘಾತದಿಂದ ಹೋದ ಸುದ್ದಿ ಬಂತು. ಸಂಜೆ ಹೊತ್ತಿಗೆ ಆ ಪೋಸ್ಟರಿನ ಕೆಳಗೆ ಯಾರೋ ಒಂದು ಹಣತೆ ಹಚ್ಚಿಟ್ಟಿದ್ದರು. ಅಕ್ಟೋಬರ್ 15ಕ್ಕೆ ಅರ್ಧ ಸೀಟಿಗೆ ಟಾಕೀಸು ತೆಗೆಯಬಹುದು ಅಂದಾಗ, ಮಾರನೇ ದಿನ ಮತ್ತೆ ಬಿಡುಗಡೆಯಾಗಿದ್ದೂ ಅದೇ 'ಶಿವಾರ್ಜುನ'. ನಮ್ಮೂರ ಟಾಕೀಸು ತೆಗೆದಾಗಲೂ ಅದೇ ಪಿಕ್ಚರು. ಒಂದು ಬಿಟ್ಟು ಒಂದು ಸೀಟಿಗೆ ಟೇಪು. ಮ್ಯಾಟ್ನಿಗೆ ಬಂದವರು ಹನ್ನೊಂದು ಜನ. ಗೇಟಣ್ಣ ಗ್ಲೌಸ್ ಹಾಕಿಕೊಂಡು ಟಿಕೆಟ್ ಹರಿಯೋಕೆ ಒದ್ದಾಡ್ತಾ ಇದ್ದರು. ತೆರೆ ಮೇಲೆ ಆ ಹುಡುಗ ಬಂದಾಗ ಯಾರೂ ಶಿಳ್ಳೆ ಹಾಕಲಿಲ್ಲ.

2021ರ ಎರಡನೇ ಅಲೆ ಬಗ್ಗೆ ಜಾಸ್ತಿ ಬರೆಯೋಕೆ ನನಗೆ ಆಗಲ್ಲ. ಏಪ್ರಿಲ್ 1ಕ್ಕೆ ಬಂದ 'ಯುವರತ್ನ' ಒಂಬತ್ತನೇ ತಾರೀಖಿಗೇ ಮೊಬೈಲಿಗೆ ಹೋಯಿತು. 27ರ ರಾತ್ರಿಯಿಂದ ಮತ್ತೆ ಬೀಗ. ಮೇ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ಸುದ್ದಿ. ಅದೇ ತಿಂಗಳು ನಮ್ಮ ಆಪ್ರೇಟರ್ ಮಾವ ಹೋದರು. ಕಾರ್ಬನ್ ಕಡ್ಡಿ ಕಾಲದಿಂದ ಸ್ಯಾಟಲೈಟ್ ಕಾಲದ ತನಕ ಆ ಕ್ಯಾಬಿನ್ನಿನಲ್ಲೇ ಇದ್ದ ಜೀವ. ಅಂತ್ಯಕ್ರಿಯೆಗೆ ಐದು ಜನಕ್ಕೆ ಮಾತ್ರ ಅವಕಾಶ ಅಂತ ಆದೇಶ. ಮಗ ಒಬ್ಬ ಬೆಂಗಳೂರಿನ ಆಸ್ಪತ್ರೆಯಲ್ಲಿ ತಾನೇ ಮಲಗಿದ್ದ. ಪಿಪಿಇ ಕಿಟ್ ಹಾಕಿಕೊಂಡು ನಿಂತವರು ನಾಲ್ಕು ಜನ, ಬಸ್‌ಸ್ಟ್ಯಾಂಡಿನವರು ಇಬ್ಬರು, ಸಂತೆಪೇಟೆಯವರು ಇಬ್ಬರು. ಐದನೆಯವರು ಗೇಟಣ್ಣ. ಆಂಬುಲೆನ್ಸಿನ ಮುಂದೆ ಮೈಕಿನ ಆಟೋ ಹೋಯಿತು, ಏನೂ ಕೂಗದೆ. ಜನ ತಂತಮ್ಮ ಬಾಗಿಲಲ್ಲೇ ನಿಂತು ಕೈ ಮುಗಿದರು. ಮುಂಬೈ ಮನೆಯ ಆಯಮ್ಮ ಬೀದಿಗೆ ಒಂದು ಬಿಂದಿಗೆ ನೀರು ಹಾಕಿದರು.

ಜೂನ್‌ನಲ್ಲಿ ಇನ್ನೊಂದು ಪೆಟ್ಟು. ಸಂಚಾರಿ ವಿಜಯ್ ನಮ್ಮ ನೆರೆಹೊರೆಯವನೇ, ಕಡೂರು ತಾಲ್ಲೂಕು ಪಂಚನಹಳ್ಳಿ ಕಡೆಯವನು, 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವನು. ಆ ಎರಡನೇ ಅಲೆಯಲ್ಲಿ ಗೆಳೆಯರ ಜೊತೆ ಸೇರಿ ರೋಗಿಗಳಿಗೆ ಆಕ್ಸಿಜನ್ ತಲುಪಿಸೋಕೆ ಓಡಾಡಿದ್ದ. ರೋಗ ಅವನನ್ನು ಬಿಟ್ಟಿತು, ಬೈಕ್ ಅಪಘಾತ ಬಿಡಲಿಲ್ಲ. ಮನೆಯವರು ಅಂಗಾಂಗ ದಾನ ಮಾಡಿದರು. ಪಂಚನಹಳ್ಳಿಗೆ ಹೋಗೋಣ ಅಂತ ನಮ್ಮ ಎರಡೂ ಸಂಘದ ಹುಡುಗರು ಒಂದೇ ಟೆಂಪೋ ಗೊತ್ತು ಮಾಡಿದ್ದರು. ಪೊಲೀಸರು ಬಿಡಲಿಲ್ಲ, ಬಿಡದೇ ಇದ್ದದ್ದೂ ಸರಿಯೇ.

ನಮ್ಮೂರ ಟಾಕೀಸು ಆಮೇಲೆ ತೆಗೆಯಲಿಲ್ಲ. ಕುರ್ಚಿಗಳು ತೂಕಕ್ಕೆ ಹೋದವು. ಈಗ ಅಲ್ಲಿ ಕೊಬ್ಬರಿ ಮೂಟೆ. ಗೇಟಣ್ಣನಿಗೆ ಆ ಗೋಡೌನಿನ ಕಾವಲು ಕೆಲಸವೇ ಸಿಕ್ಕಿದೆ, ಅದೇ ಗೇಟು, ಅದೇ ಸ್ಟೂಲು. ಹೋದ ತಿಂಗಳು ಹೋಗಿದ್ದೆ. ಬಾಲ್ಕನಿ ಮೆಟ್ಟಿಲ ಕೆಳಗೆ ಹಳೇ ಟಿಕೆಟ್ ಪುಸ್ತಕ ಒಂದು ಕಟ್ಟು ಉಳಿದಿದೆ, ಲಾರಿಯವರು ತಂದ ಮೂಟೆ ಲೆಕ್ಕ ಅದರ ಹಿಂದೆಯೇ ಬರೀತಾರೆ. 'ಪೇಪರ್ ಯಾಕೆ ದಂಡ ಮಾಡ್ಬೇಕು ಹೇಳಿ' ಅಂದರು. ಮೈಕಿನ ಆಟೋ ಅಣ್ಣ ಈಗ ಚಿಕನ್ ಅಂಗಡಿ ರೇಟು ಕೂಗ್ತಾನೆ, ಊರ ಹಬ್ಬ ಬಂದರೆ ಅದನ್ನೂ.

ನಿಮ್ಮೂರ ಟಾಕೀಸಿನವರು ಆ ಎರಡು ವರ್ಷ ಹೆಂಗೆ ಬದುಕಿದರು, ಈಗ ಎಲ್ಲಿದ್ದಾರೆ? ಒಂದು ಕಾರ್ಡು ಹಾಕಿ, ವಿಳಾಸ ಒಳಪುಟದಲ್ಲಿದೆ. ಹೆಸರು ಬೇಡ ಅಂದರೆ ಹೆಸರು ಹಾಕಲ್ಲ. ಮುಂದಿನ ವಾರ ಪೋಸ್ಟರ್ ಅಂಟಿಸೋರ ಕತೆ. ಕಾಸು ಇದ್ದರೆ ಪತ್ರಿಕೆ ಕೊಂಡು ಓದಿ, ಇಲ್ಲದಿದ್ದರೆ ಪಕ್ಕದ ಸೀಟಿನವರ ಹತ್ತಿರ ಇಸ್ಕೊಳ್ಳಿ!