ಮೇಷ್ಟರ ಮೊದಲ ನೌಕರಿ

ಬಿ.ಎಡ್. ಫಲಿತಾಂಶ ಬಂದ ದಿನ ಮನೆಯಲ್ಲಿ ಪಾಯಸವಾಗುತ್ತದೆ. ಮಾರನೆಯ ದಿನದಿಂದ ನೆಂಟರಿಷ್ಟರ ಪ್ರಶ್ನೆ ಆರಂಭವಾಗುತ್ತದೆ: “ಕೆಲಸ ಎಲ್ಲಿ?” ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಶಾಲೆಗಳಿಗೇನು ಬರವೇ, ಎಲ್ಲಿಯಾದರೂ ಸಿಕ್ಕೀತು ಎಂದು ತಂದೆತಾಯಿಗಳು ನಂಬಿರುತ್ತಾರೆ. ಸಿಕ್ಕುವುದೂ ಉಂಟು. ಆದರೆ ಹೆರಿಗೆಯ ರಜೆಯ ಮೇಲೆ ಹೋದವರ ಸ್ಥಾನದಲ್ಲಿ ನಾಲ್ಕು ತಿಂಗಳು ನಿಲ್ಲುವ ಕೆಲಸ ಬೇರೆ, ವರ್ಷವಿಡೀ ಸಂಬಳ ಬರುವ ಪೂರ್ಣಾವಧಿಯ ಕೆಲಸ ಬೇರೆ. ಎರಡನೆಯದನ್ನು ಪಡೆಯುವ ಬಗೆಯನ್ನು ಈ ವಾರ ವಿಚಾರ ಮಾಡೋಣ.

ಮೊದಲು ಅರ್ಹತೆಯ ಮಾತು. ಒಂದರಿಂದ ಐದನೆಯ ತರಗತಿಯವರೆಗೆ ಪಾಠ ಹೇಳಲು ಪ್ರಾಥಮಿಕ ಶಿಕ್ಷಣದ ತರಬೇತಿ ಬೇಕು, ಹಿರಿಯರು ಟಿ.ಸಿ.ಎಚ್. ಎಂದು ಕರೆಯುತ್ತಿದ್ದುದರ ಇಂದಿನ ರೂಪ ಡಿ.ಎಲ್.ಎಡ್. ಬರಿಯ ಬಿ.ಎಡ್. ಆದವರು ಆ ತರಗತಿಗಳಿಗೆ ಅರ್ಹರಲ್ಲವೆಂದು ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ತೀರ್ಪಿತ್ತಿದೆ. ಎಂಟನೆಯ ತರಗತಿಯವರೆಗಿನ ಉಪಾಧ್ಯಾಯರಿಗೆ ಅರ್ಹತಾ ಪರೀಕ್ಷೆ, ಎಂದರೆ ಎಲ್ಲರೂ ಟಿ.ಇ.ಟಿ. ಎನ್ನುವುದು, 2010ರಲ್ಲಿಯೇ ವಿಧಿತವಾಯಿತು. ಪ್ರಶ್ನೆಗಳು 150, ಅವಧಿ ಎರಡೂವರೆ ಗಂಟೆ. ಸಾಮಾನ್ಯ ವರ್ಗದವರಿಗೆ ನೂರಕ್ಕೆ 60 ಬಂದರೆ ತೇರ್ಗಡೆ. ಹಿಂದೆ ಏಳು ವರ್ಷಕ್ಕೆ ಮುಗಿಯುತ್ತಿದ್ದ ಅರ್ಹತಾಪತ್ರವನ್ನು 2021ರಲ್ಲಿ ಜೀವಮಾನವೆಲ್ಲ ಊರ್ಜಿತವೆಂದು ಮಾಡಲಾಯಿತು. ಆದುದರಿಂದ “ಈ ಶಾಲೆಯವರು ಕೇಳಲಿಲ್ಲ” ಎಂದು ಪರೀಕ್ಷೆಯನ್ನು ಮುಂದೂಡುವುದು ಜಾಣತನವಲ್ಲ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲವಿರುವ ಹಳೆಯ ಉಪಾಧ್ಯಾಯರೂ ಅದರಲ್ಲಿ ತೇರ್ಗಡೆಯಾಗಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ಹೇಳಿರುವಾಗ, ಹೊಸಬರ ಪಾಡೇನು!

ಎರಡನೆಯದು ಕಾಲ. ಶಾಲೆಗಳು ಮೇ ಕೊನೆಗೆ ಇಲ್ಲವೇ ಜೂನಿನಲ್ಲಿ ತೆರೆಯುತ್ತವೆ. ಯಾರು ಬಿಟ್ಟುಹೋಗುವರೆಂಬುದು ಆಡಳಿತದವರಿಗೆ ಅದಕ್ಕೆ ಬಹು ಮುಂಚೆಯೇ ತಿಳಿದಿರುತ್ತದೆ. ಅರ್ಜಿಯನ್ನು ಜನವರಿ, ಫೆಬ್ರವರಿಗಳಲ್ಲಿಯೇ ಕೊಡುವುದು ಲೇಸು. ಸಮಯಕ್ಕೆ ಹೇಗೆ ಬರುವಿರಿ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಲಿ. ಕೆಂಗೇರಿಯಿಂದ ವಿಜಯನಗರಕ್ಕೆ ನೇರಳೆ ಮಾರ್ಗದ ಮೆಟ್ರೋ ಒಂದೇ ಓಟದಲ್ಲಿ ತಲುಪಿಸುತ್ತದೆ. ರಾಜಾಜಿನಗರಕ್ಕಾದರೆ ಮೆಜೆಸ್ಟಿಕ್ಕಿನಲ್ಲಿಳಿದು ಹಸುರು ಮಾರ್ಗದ ಗಾಡಿ ಹಿಡಿಯಬೇಕು. ಇಷ್ಟನ್ನು ಲೆಕ್ಕಹಾಕಿ ಬಂದ ಅಭ್ಯರ್ಥಿಯ ಮಾತಿಗೆ ತೂಕವಿರುತ್ತದೆ.

ಕನ್ನಡ ಓದಿದವರು ಧೈರ್ಯಗೆಡಬೇಕಾಗಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಹಾಗೂ 2017ರ ಅದರ ನಿಯಮಗಳು ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂದು ವಿಧಿಸಿದುವು. ಮನೆಯಲ್ಲಿ ಬೇರೆ ನುಡಿಯಾಡುವ ಮಗುವಿಗೆ ಅಕ್ಷರ ಕಲಿಸುವ ಬಗೆಯನ್ನು ಅಭ್ಯಾಸ ಮಾಡಿಕೊಂಡವರಿಗೆ ಅಲ್ಲಿ ಅವಕಾಶವುಂಟು.

ಇನ್ನು ಮಾದರಿ ಪಾಠ. ಗೆಲವು ಸೋಲುಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಇಲ್ಲಿಯೇ. ಆ ಶಾಲೆಯಲ್ಲಿ ನಡೆಯುವ ಪಠ್ಯಪುಸ್ತಕವನ್ನು ಮುಂಚಿತವಾಗಿ ಕೇಳಿ ತಂದು ಓದಿರಿ. ಹದಿನೈದು ನಿಮಿಷದಲ್ಲಿ ಒಂದೇ ವಿಷಯವನ್ನು ಹೇಳಿರಿ. ಭಿನ್ನರಾಶಿಯಾದರೆ ಅರ್ಧ, ಕಾಲು ಇಷ್ಟೇ ಸಾಕು, ಒಂದು ಕಾಗದವನ್ನು ಮಡಿಸಿ ತೋರಿಸಿರಿ. ಅನೇಕರು ಹಿಂದೆ ಕುಳಿತ ಮುಖ್ಯೋಪಾಧ್ಯಾಯರ ಮುಖವನ್ನೇ ನೋಡುತ್ತ ಪಾಠ ಒಪ್ಪಿಸುತ್ತಾರೆ. ನೀವು ಕೊನೆಯ ಬೆಂಚಿನ ಹುಡುಗನನ್ನು ನೋಡಿರಿ. ಪ್ರಶ್ನೆ ಕೇಳಿದ ಮೇಲೆ ಮಕ್ಕಳು ಯೋಚಿಸುವವರೆಗೆ ಸುಮ್ಮನಿರಿ. ತಪ್ಪು ಉತ್ತರ ಬಂದರೆ ಅದು ಹೇಗೆ ಬಂತೆಂದು ಕೇಳಿರಿ. ಈ ಒಂದು ಗುಣವನ್ನು ಅನುಭವಸ್ಥರು ತಟ್ಟನೆ ಗುರುತಿಸುತ್ತಾರೆ.

ಕಡೆಯದಾಗಿ ನೇಮಕಪತ್ರ. ಸಂಬಳ, ಕೆಲಸದ ಗಂಟೆ, ಬೇಸಗೆ ರಜೆಯ ವೇತನ ಇವು ಬರಹದಲ್ಲಿರಬೇಕು. ಮೂಲ ಅಂಕಪಟ್ಟಿಗಳನ್ನು ತೋರಿಸಿ ಹಿಂದಕ್ಕೆ ಪಡೆಯಿರಿ, ಒತ್ತೆಯಿಟ್ಟು ಬರಬೇಡಿರಿ. ಮಾರ್ಚಿಯಲ್ಲಿ ಬಿಡಿಸಿ ಜೂನಿನಲ್ಲಿ ಮತ್ತೆ ಕರೆಯುವ ಪದ್ಧತಿಯುಂಟೇ ಎಂದು ವಿಚಾರಿಸಿರಿ. ಅದರಿಂದ ಎರಡು ತಿಂಗಳ ಸಂಬಳ ಹೋಗುವುದಲ್ಲದೆ ಸೇವೆಯೂ ತುಂಡಾಗುತ್ತದೆ. ಐದು ವರ್ಷದ ಎಡೆಬಿಡದ ಸೇವೆಗೆ ದೊರೆಯುವ ಗ್ರಾಚ್ಯುಯಿಟಿ ಖಾಸಗಿ ಶಾಲೆಯ ಉಪಾಧ್ಯಾಯರಿಗೂ ಸಲ್ಲಬೇಕೆಂದು 2009ರಲ್ಲಿ ಕಾಯಿದೆ ತಿದ್ದಲಾಯಿತು. 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಮನೆಯ ಹಿರಿಯರಿಗೂ ಒಂದು ಮಾತು. “ಹುಡುಗಿಗೆ ಹೊತ್ತುಹೋದರೆ ಸಾಕು, ಸಂಬಳ ಎಷ್ಟಾದರೇನು?” ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಮಾತು ಕಿವಿಗೆ ಬಿದ್ದ ಹುಡುಗಿ ಕೊಟ್ಟಷ್ಟಕ್ಕೆ ಸಹಿ ಹಾಕಿಬಿಡುತ್ತಾಳೆ; ಅವಳ ಪಕ್ಕದ ಕೊಠಡಿಯಲ್ಲಿ ಸಂಸಾರ ನಡೆಸಬೇಕಾದ ಮತ್ತೊಬ್ಬಳಿಗೂ ಅಷ್ಟೇ ಗತಿಯಾಗುತ್ತದೆ. ವಿದ್ಯಾದಾನ ಪುಣ್ಯದ ಕೆಲಸ, ನಿಜ. ಆದರೆ ತಿಂಗಳ ಮೊದಲ ತಾರೀಖು ಹಾಲಿನವನು ಪುಣ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಹಿಗೆ ಮುಂಚೆ ಒಂದು ರಾತ್ರಿ ಕಾಗದವನ್ನು ಮನೆಗೆ ತರಲಿ. ಎಲ್ಲರೂ ಕೂತು ಓದಿರಿ.