ವಿ.ಪಿ. ಸಿಂಗ್ ದೇಶ ಒಡೆಯಲಿಲ್ಲ

ವಿಶ್ವನಾಥ ಪ್ರತಾಪ್ ಸಿಂಗ್ ಅವರ ಮೇಲೆ ಎರಡು ಆರೋಪಗಳು ಇವತ್ತಿಗೂ ಸಲೀಸಾಗಿ ಓಡಾಡುತ್ತಿವೆ. ಕುರ್ಚಿ ಉಳಿಸಿಕೊಳ್ಳಲು ರಾತ್ರೋರಾತ್ರಿ ಮಂಡಲ್ ವರದಿ ಜಾರಿ ಮಾಡಿದರು ಎಂಬುದು ಒಂದು. ದೇಶವನ್ನು ಜಾತಿಯ ಹೆಸರಿನಲ್ಲಿ ಒಡೆದರು ಎಂಬುದು ಇನ್ನೊಂದು. ಮೀಸಲಾತಿಯ ಮಾತು ಬಂದಾಗಲೆಲ್ಲ ಟಿ.ವಿ. ಚರ್ಚೆಯಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ಇವೆರಡನ್ನೂ ಕೇಳುತ್ತೇವೆ. ಎರಡನೆಯದು ಸುಳ್ಳು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನೇ ಪೂರ್ತಿ ಎಂದು ಮೂರು ದಶಕಗಳಿಂದ ನಂಬಿಸಲಾಗಿದೆ.

ಆ ಅರ್ಧ ಸತ್ಯವನ್ನು ಮೊದಲು ಒಪ್ಪಿಕೊಳ್ಳೋಣ. 1990ರ ಆಗಸ್ಟ್ 1ರಂದು ಉಪಪ್ರಧಾನಿ ದೇವಿಲಾಲ್ ಅವರನ್ನು ಸಂಪುಟದಿಂದ ಕೈಬಿಡಲಾಯಿತು. ಸಿಟ್ಟಿಗೆದ್ದ ದೇವಿಲಾಲ್ 9ರಂದು ದೆಹಲಿಯಲ್ಲಿ ರ‍್ಯಾಲಿ ಕರೆದರು. ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ 7ರಂದು, ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ 27ರಷ್ಟು ಮೀಸಲಾತಿ ಕೊಡುವುದಾಗಿ ಸಿಂಗ್ ಸಂಸತ್ತಿನಲ್ಲಿ ಘೋಷಿಸಿದರು. 13ರಂದು ಆದೇಶ ಹೊರಬಿತ್ತು. ಈ ದಿನಾಂಕಗಳಲ್ಲಿ ರಾಜಕೀಯ ಲೆಕ್ಕಾಚಾರ ಇದ್ದೇ ಇತ್ತು. ಆದರೆ ದಿನಾಂಕ ಬೇರೆ, ನಿರ್ಧಾರ ಬೇರೆ. ವರದಿ ಜಾರಿ ಮಾಡುತ್ತೇವೆಂದು 1989ರ ಚುನಾವಣೆಗೆ ಮೊದಲೇ ರಾಷ್ಟ್ರೀಯ ರಂಗ ತನ್ನ ಪ್ರಣಾಳಿಕೆಯಲ್ಲಿ ಹೇಳಿತ್ತು. ಕಲ್ಯಾಣ ಇಲಾಖೆಯ ಕಾರ್ಯದರ್ಶಿಯಾಗಿದ್ದ ಪಿ.ಎಸ್. ಕೃಷ್ಣನ್ ಎಂಬ ಐಎಎಸ್ ಅಧಿಕಾರಿ, ದೇವಿಲಾಲ್ ಮುನಿಸಿಕೊಳ್ಳುವುದಕ್ಕೆ ತಿಂಗಳುಗಳ ಮೊದಲೇ ಸಂಪುಟಕ್ಕೆ ಟಿಪ್ಪಣಿ ಸಿದ್ಧಪಡಿಸಿದ್ದರು. ರಾತ್ರೋರಾತ್ರಿ ಎಂಬ ಮಾತು ಎಲ್ಲಿ ಉಳಿಯಿತು?

ನಿಜವಾಗಿ ಲೆಕ್ಕ ಕೇಳಬೇಕಾದದ್ದು ಅದಕ್ಕೆ ಮುಂಚಿನ ಹತ್ತು ವರ್ಷಗಳದ್ದು. ಮೊರಾರ್ಜಿ ದೇಸಾಯಿ ಸರ್ಕಾರ ರಚಿಸಿದ ಬಿ.ಪಿ. ಮಂಡಲ್ ಆಯೋಗ 1980ರ ಡಿಸೆಂಬರ್ 31ರಂದೇ ವರದಿ ಕೊಟ್ಟಿತ್ತು. ಆಗ ಇಂದಿರಾ ಗಾಂಧಿ ಪ್ರಧಾನಿ. ಆಮೇಲೆ ಲೋಕಸಭೆಯಲ್ಲಿ ನಾನೂರಕ್ಕೂ ಹೆಚ್ಚು ಸ್ಥಾನ ಪಡೆದ ರಾಜೀವ್ ಗಾಂಧಿ. ಇಷ್ಟು ಬಲವಿದ್ದವರು ಮುಟ್ಟದ ಕಡತವನ್ನು, ಹೊರಗಿನವರ ಬೆಂಬಲದಲ್ಲಿ ತೂಗಾಡುತ್ತಿದ್ದ ಸರ್ಕಾರದ ಮುಖ್ಯಸ್ಥನೊಬ್ಬ ಬಿಚ್ಚಿದ. ಸಂವಿಧಾನದ 340ನೇ ವಿಧಿಯ ಪ್ರಕಾರ ರಚನೆಯಾದ ಆಯೋಗದ ವರದಿಯನ್ನು ಹತ್ತು ವರ್ಷ ಧೂಳು ತಿನ್ನಲು ಬಿಟ್ಟವರನ್ನು ಯಾರೂ ಅವಕಾಶವಾದಿಗಳು ಎನ್ನುವುದಿಲ್ಲ. ಆ ಬಿರುದು ಅದನ್ನು ಕೈಗೆತ್ತಿಕೊಂಡವರಿಗೆ ಮಾತ್ರ ಸಿಕ್ಕಿತು.

ಆ ವರದಿಯನ್ನು ಓದದೆ ಬೈದವರೇ ಹೆಚ್ಚು. ಯಾವ ಸಮುದಾಯ ಹಿಂದುಳಿದಿದೆ ಎಂದು ನಿರ್ಧರಿಸಲು ಆಯೋಗ 11 ಮಾನದಂಡಗಳನ್ನು ಇಟ್ಟುಕೊಂಡಿತ್ತು. ಸಾಮಾಜಿಕ ಮಾನದಂಡಗಳಿಗೆ ತಲಾ 3 ಅಂಕ, ಶೈಕ್ಷಣಿಕಕ್ಕೆ 2, ಆರ್ಥಿಕಕ್ಕೆ 1, ಒಟ್ಟು 22. ಅದರಲ್ಲಿ 11 ಬಂದರೆ ಮಾತ್ರ ಪಟ್ಟಿಗೆ ಸೇರ್ಪಡೆ. ಹುಡುಗಿಯರ ಮದುವೆ 17 ತುಂಬುವ ಮೊದಲೇ ಆಗುತ್ತಿದೆಯೇ? ಮಕ್ಕಳು ಶಾಲೆ ಬಿಡುವ ಪ್ರಮಾಣ ರಾಜ್ಯದ ಸರಾಸರಿಗಿಂತ ಎಷ್ಟು ಹೆಚ್ಚಿದೆ? ಕಚ್ಚಾ ಮನೆಗಳಲ್ಲಿ ಎಷ್ಟು ಜನ ಇದ್ದಾರೆ? ಅರ್ಧಕ್ಕಿಂತ ಹೆಚ್ಚು ಮನೆಗಳವರು ಕುಡಿಯುವ ನೀರಿಗಾಗಿ ಅರ್ಧ ಕಿಲೋಮೀಟರಿಗಿಂತ ದೂರ ಹೋಗಬೇಕೆ? ಇಂಥ ಪ್ರಶ್ನೆಗಳವು. ಬಿಂದಿಗೆ ಹೊತ್ತು ಅರ್ಧ ಕಿಲೋಮೀಟರ್ ನಡೆಯುವ ಮನೆಗಳನ್ನು ಎಣಿಸಿದ್ದನ್ನು ದೇಶ ಒಡೆಯುವ ಕೆಲಸ ಎನ್ನಲು ಮನಸ್ಸಾದರೂ ಹೇಗೆ ಬರುತ್ತದೆ? ಒಡಕು ಮೊದಲೇ ಇತ್ತು, ಆಯೋಗ ಅದನ್ನು ಅಳೆಯಿತು, ಸಿಂಗ್ ಆ ಅಳತೆಗೆ ಸರ್ಕಾರದ ಮುದ್ರೆ ಒತ್ತಿದರು.

ಕರ್ನಾಟಕದವರಾದ ನಾವು ಆ ಆರೋಪಕ್ಕೆ ತಲೆಯಾಡಿಸುವುದಂತೂ ಸಲ್ಲದು. ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದು 1918ರಲ್ಲಿ. ಪ್ರತಿಭೆಗೆ ಅನ್ಯಾಯವಾಗುತ್ತದೆ, ಆಡಳಿತ ಕುಸಿಯುತ್ತದೆ ಎಂಬ ವಾದವೂ ಆಗಲೇ ಎದ್ದಿತ್ತು. ಮೈಸೂರು ಕುಸಿಯಲಿಲ್ಲ, ದೇಶದ ಮಾದರಿ ಸಂಸ್ಥಾನ ಎನಿಸಿಕೊಂಡಿತು. ದೇವರಾಜ ಅರಸು ಕಾಲದ ಹಾವನೂರು ವರದಿಗೂ ಇದೇ ಕೂಗು ಎದ್ದಿತು, ತಣ್ಣಗಾಯಿತು. ಶೇ 52ರಷ್ಟಿದ್ದಾರೆ ಎಂದು ಅಂದಾಜಿಸಿದ ಜನರಿಗೆ ಮಂಡಲ್ ಶೇ 27 ಮಾತ್ರ ಶಿಫಾರಸು ಮಾಡಿದ್ದರ ಹಿಂದೆಯೂ ನಮ್ಮ ನೆಲದ ಮೊಕದ್ದಮೆಯೊಂದಿದೆ. ಒಟ್ಟು ಮೀಸಲಾತಿ ಶೇ 50 ದಾಟಬಾರದೆಂಬ ಮಿತಿ ಹುಟ್ಟಿದ್ದು 1962ರಲ್ಲಿ, ಎಂ.ಆರ್. ಬಾಲಾಜಿ ಮತ್ತು ಮೈಸೂರು ರಾಜ್ಯದ ನಡುವಿನ ಪ್ರಕರಣದಲ್ಲಿ. ದಕ್ಷಿಣ ಏಳು ದಶಕಗಳಿಂದ ಬಾಳಿ ನೋಡಿದ್ದನ್ನು ಸಿಂಗ್ ದೆಹಲಿಗೆ ತಂದರು. ಅಂದಹಾಗೆ, ಅವರ ಜನತಾದಳ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1988ರ ಅಕ್ಟೋಬರ್ 11ರಂದು.

ಹಾಗೆಂದು ಅವರ ಹನ್ನೊಂದು ತಿಂಗಳ ಆಡಳಿತಕ್ಕೆಲ್ಲ ವಕಾಲತ್ತು ವಹಿಸಲು ನಾನು ಸಿದ್ಧನಿಲ್ಲ. ಗೃಹ ಸಚಿವರ ಮಗಳ ಅಪಹರಣವಾದಾಗ ಐವರು ಉಗ್ರರನ್ನು ಬಿಟ್ಟು ಕಳುಹಿಸಿದ್ದು ಅದೇ ಸರ್ಕಾರ. 1990ರ ಜನವರಿಯಲ್ಲಿ ಕಾಶ್ಮೀರಿ ಪಂಡಿತರು ಮನೆಮಾರು ಬಿಟ್ಟು ಓಡಬೇಕಾಗಿ ಬಂದಾಗ ಅವರನ್ನು ಕಾಯಲಾಗಲಿಲ್ಲ. ಆ ಹೊಣೆಯಿಂದ ಸಿಂಗ್ ಅವರಿಗೆ ಬಿಡುಗಡೆಯಿಲ್ಲ. ಮಂಡಲ್ ವಿಷಯದಲ್ಲೂ ದೊಡ್ಡ ಲೋಪವಿತ್ತು: ಜನರಿಗೆ ಏನನ್ನೂ ಬಿಡಿಸಿ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ದೆಹಲಿಯ ವಿದ್ಯಾರ್ಥಿಗಳು ಮೈಗೆ ಬೆಂಕಿ ಹಚ್ಚಿಕೊಂಡಾಗ, ಅವರ ಭಯ ಎಷ್ಟು ನಿಜ ಎಷ್ಟು ಸುಳ್ಳು ಎಂದು ಕ್ಯಾಂಪಸ್ಸುಗಳಿಗೆ ಹೋಗಿ ಮಾತಾಡುವ ಸಚಿವರು ಬೇಕಿತ್ತು. ಆ ಎಳೆಯ ಜೀವಗಳ ಸಾವು ಎಂದೂ ಅಳಿಸಲಾಗದ ನೋವು. ಆದರೆ ಅವರ ಭಯಕ್ಕೆ ತುಪ್ಪ ಸುರಿದವರು ಬೇರೆಯವರೂ ಇದ್ದರು. ಸೆಪ್ಟೆಂಬರ್ 6ರಂದು ಲೋಕಸಭೆಯಲ್ಲಿ ರಾಜೀವ್ ಗಾಂಧಿ ಈ ಆದೇಶದ ವಿರುದ್ಧ ಉದ್ದುದ್ದ ಭಾಷಣ ಮಾಡಿದರು. ಬಿಜೆಪಿ ರಥವೇರಿತು, ಅಡ್ವಾಣಿಯವರ ಬಂಧನವಾದ ಮೇಲೆ ಬೆಂಬಲ ಹಿಂತೆಗೆದುಕೊಂಡಿತು. ನವೆಂಬರ್ 7ರಂದು 142 ಮತಗಳ ಎದುರು 346 ಮತ ಬಿದ್ದು ಸರ್ಕಾರ ಉರುಳಿತು.

ಇನ್ನೊಂದು ಹೋಲಿಕೆಯನ್ನು ನೋಡಲೇಬೇಕು. 2019ರ ಜನವರಿ 8ರಂದು ಮೇಲ್ಜಾತಿಗಳ ಬಡವರಿಗೆ ಶೇ 10 ಮೀಸಲಾತಿ ನೀಡುವ ಸಂವಿಧಾನ ತಿದ್ದುಪಡಿ ಲೋಕಸಭೆಯಲ್ಲಿ ಮಂಡನೆಯಾಗಿ ಅಂದೇ ಅಂಗೀಕಾರವಾಯಿತು. ಮರುದಿನ ರಾಜ್ಯಸಭೆಯೂ ಒಪ್ಪಿತು. ಚುನಾವಣೆ ಎದುರಿಗೇ ಇತ್ತು. ಆದಾಯದ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ಯಾವ ಬಸ್ಸೂ ಸುಡಲಿಲ್ಲ, ಪ್ರತಿಭೆ ಸತ್ತಿತೆಂದು ಯಾರೂ ಬೀದಿಗಿಳಿಯಲಿಲ್ಲ. ಶೇ 50ರ ಮಿತಿ ದಾಟಿದ್ದನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ಬಡವರಿಗೆ ನೆರವು ಸಿಗಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಎರಡು ದಿನದಲ್ಲಿ ಆದದ್ದು ನ್ಯಾಯ, ಹತ್ತು ವರ್ಷ ಕಾದು ಬಂದದ್ದು ದೇಶದ್ರೋಹ ಎಂಬ ಲೆಕ್ಕಕ್ಕೆ ನನ್ನ ತಕರಾರಿದೆ.

ಸಿಂಗ್ ಅವರಿಗೆ ಇದರಿಂದ ದಕ್ಕಿದ್ದೇನು? ಅವರು ಠಾಕೂರ್, ಮಾಂಡಾ ಸಂಸ್ಥಾನದ ದತ್ತುಪುತ್ರ. ಬೊಫೋರ್ಸ್ ದಿನಗಳಲ್ಲಿ ರಾಜನಲ್ಲ, ಫಕೀರ ಎಂದು ಹೊತ್ತು ಮೆರೆಸಿದ ಉತ್ತರ ಭಾರತದ ಮಧ್ಯಮ ವರ್ಗವೇ ಅವರನ್ನು ದೇಶಕ್ಕೆ ಕಳಂಕ ಎಂದಿತು. ಸ್ವಂತ ಜಾತಿಯವರು ದೂರವಾದರು. ಲಾಭ ಪಡೆದ ಸಮುದಾಯಗಳಿಗೆ ಅವರದೇ ನಾಯಕರಿದ್ದರು. 1996ರಲ್ಲಿ ಸಂಯುಕ್ತ ರಂಗ ಪ್ರಧಾನಿ ಹುದ್ದೆಯನ್ನು ಮನೆಬಾಗಿಲಿಗೆ ತಂದಾಗ ಸಿಂಗ್ ಬೇಡವೆಂದರು. ಕೊನೆಗೆ ಆ ಕುರ್ಚಿಯಲ್ಲಿ ಕೂತವರು ನಮ್ಮ ಎಚ್.ಡಿ. ದೇವೇಗೌಡರು. ಕುರ್ಚಿಯಾಸೆಗೆ ಮಂಡಲ್ ತಂದರು ಎನ್ನುವವರು ಇದಕ್ಕೆ ಉತ್ತರ ಕೊಡಲಿ. 2008ರ ನವೆಂಬರ್ 27ರಂದು ಅವರು ತೀರಿಕೊಂಡಾಗ ದೇಶದ ಕಣ್ಣೆಲ್ಲ ದಾಳಿಗೊಳಗಾದ ಮುಂಬೈ ಮೇಲಿತ್ತು. ಕೇಂದ್ರದ ಉದ್ಯೋಗಕ್ಕೆಂದು ತಹಶೀಲ್ದಾರರ ಸಹಿ ಮಾಡಿಸಿಕೊಳ್ಳುವ ಒಬಿಸಿ ಪ್ರಮಾಣಪತ್ರದಲ್ಲಿ ಇರುವುದು 1993ರ ಸೆಪ್ಟೆಂಬರಿನ ನಿರ್ಣಯ, ಅಂದರೆ ನರಸಿಂಹರಾವ್ ಕಾಲದ್ದು. ಸಿಂಗ್ ಕಾಲದ ಸುಳಿವು ಅದರಲ್ಲೂ ಇಲ್ಲ. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನ ಆವರಣದಲ್ಲಿ 2023ರಲ್ಲಿ ಅವರ ಪ್ರತಿಮೆ ನಿಂತಿತು. ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು ಅವರ ಅವಧಿಯಲ್ಲಿ ಎಂಬ ಕಾರಣಕ್ಕೂ ತಮಿಳರಿಗೆ ಅವರು ಪ್ರಿಯರು; ನಮಗೆ ಅದೇ ಕಾರಣಕ್ಕೆ ಅಷ್ಟಕ್ಕಷ್ಟೆ. ನೀರಿನ ಮುನಿಸು ಬೇರೆ, ಸಾಮಾಜಿಕ ನ್ಯಾಯದ ಋಣ ಬೇರೆ.

ಮಂಡಲ್ ಆಯೋಗದೊಳಗೇ ಒಬ್ಬ ಸದಸ್ಯರು, ಎಲ್.ಆರ್. ನಾಯಕ್, ಭಿನ್ನಮತ ಬರೆದಿದ್ದರು. ಹಿಂದುಳಿದವರಲ್ಲೇ ಬಲಿಷ್ಠರು ಬೇರೆ, ತೀರಾ ಕೆಳಗಿರುವವರು ಬೇರೆ. ಇಬ್ಬರಿಗೂ ಪ್ರತ್ಯೇಕ ಪಾಲು ಬೇಕು ಎಂದು. ಪ್ರವರ್ಗ 1, 2ಎ ಎಂದು ಹಂಚಿಕೊಂಡಿರುವ ನಮಗೆ ಇದು ಹೊಸತಲ್ಲ. ಸಿಂಗ್ ಅದನ್ನು ಮಾಡದೆ ಬಿಟ್ಟರು, ಅದು ತಪ್ಪೇ. ಅದರ ಫಲವನ್ನು ಒಬಿಸಿ ಒಳವರ್ಗೀಕರಣಕ್ಕೆಂದು ಕೇಂದ್ರ ನೇಮಿಸಿದ ರೋಹಿಣಿ ಆಯೋಗ 2018ರಲ್ಲಿ ಲೆಕ್ಕ ಹಾಕಿ ತೋರಿಸಿತು: ಒಬಿಸಿ ಪಾಲಿನ ಕೇಂದ್ರದ ಉದ್ಯೋಗ ಮತ್ತು ಸೀಟುಗಳಲ್ಲಿ ಶೇ 97ರಷ್ಟು ಶೇ 25ರಷ್ಟು ಉಪಜಾತಿಗಳಿಗೆ ಹೋಗಿದೆ, 983 ಸಮುದಾಯಗಳಿಗೆ ಏನೂ ಸಿಕ್ಕಿಲ್ಲ. ಅದೇ ಆಯೋಗ 2023ರ ಜುಲೈನಲ್ಲಿ ಅಂತಿಮ ವರದಿ ಸಲ್ಲಿಸಿತು. ಕೇಂದ್ರ ಸರ್ಕಾರ ಅದನ್ನು ಸಂಸತ್ತಿನ ಮುಂದಿಡಲಿ, ಜಾರಿ ಮಾಡಲಿ. ಆ 983 ಸಮುದಾಯಗಳನ್ನೂ ಹತ್ತು ವರ್ಷ ಕಾಯಿಸುವುದು ಬೇಡ.