ಬೋರ್ಡಿಗೆ ಕನ್ನಡ ಬಂತು, ಬಾಯಿಗೆ ಯಾವಾಗ?



ಒಂದು ಪ್ರಶ್ನೆ ಇದೆ. ಎದೆ ಮುಟ್ಟಿಕೊಂಡು ಉತ್ತರ ಹೇಳಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೊರ ರಾಜ್ಯದಿಂದ ಬಂದ ಹುಡುಗನೊಬ್ಬ ತಡವರಿಸುತ್ತಾ, "ಅಣ್ಣಾ, ಇದು ಎಷ್ಟು?" ಅಂತ ಕೇಳುತ್ತಾನೆ ಅಂತಿಟ್ಟುಕೊಳ್ಳಿ. ಅವನ ಉಚ್ಚಾರ ಕಿವಿಗೆ ಬಿದ್ದ ಕೂಡಲೇ ನೀವು ಏನು ಹೇಳುತ್ತೀರಿ? "ಪಚಾಸ್ ರೂಪಾಯಿ, ಭಯ್ಯಾ!" ಮರುದಿನ ಅದೇ ಹುಡುಗ ಪಕ್ಕದ ಅಂಗಡಿಗೆ ಹೋಗಿ "ಕಿತನಾ?" ಅಂತ ಕೇಳುತ್ತಾನೆ. ಹಾಗಾದರೆ ಅವನ ಬಾಯಿಂದ ಕನ್ನಡವನ್ನು ಓಡಿಸಿದವರು ಯಾರು ಸ್ವಾಮಿ? ದೆಹಲಿಯವರೋ, ಪಾಟ್ನಾದವರೋ, ಇಲ್ಲಾ ನೀವೋ?

ಬಂದವರು ಕನ್ನಡ ಕಲಿಯಬೇಕು. ಅದರಲ್ಲಿ ಎರಡು ಮಾತಿಲ್ಲ, ರಾಜಿಯೂ ಇಲ್ಲ. ಆದರೆ ಅವರು ಎಲ್ಲಿ ಕಲಿಯಬೇಕು, ಯಾರ ಬಾಯಿಂದ ಕಲಿಯಬೇಕು ಅನ್ನುವುದನ್ನು ಈವತ್ತು ಸ್ವಲ್ಪ ಖಾರವಾಗಿಯೇ ಮಾತಾಡೋಣ.

ಲಂಡನ್ನಿಗೆ ಹೋದ ಅಮೆರಿಕದವನು

ಮೊದಲು ದೂರದ ಒಂದು ಉದಾಹರಣೆ ನೋಡಿ. ಅಮೆರಿಕದವನಿಗೂ ಬ್ರಿಟನ್ನಿನವನಿಗೂ ಭಾಷೆ ಒಂದೇ, ಇಂಗ್ಲಿಷ್. ಆದರೂ ಅಮೆರಿಕದಿಂದ ಲಂಡನ್ನಿಗೆ ಹೋಗಿ ನೆಲೆಸುವವನು ಅಲ್ಲಿ ಮತ್ತೆ ಅ ಆ ಇ ಈ ಶುರು ಮಾಡಬೇಕು! ಅವನು 'ಚಿಪ್ಸ್' ಅಂದರೆ ತಟ್ಟೆಗೆ ಬರುವುದು ಬಿಸಿಬಿಸಿ ಕರಿದ ಆಲೂಗಡ್ಡೆ ತುಂಡು. ಅವನಿಗೆ ಬೇಕಾದ ತೆಳು ಗರಿಗರಿ ತಿನಿಸಿಗೆ ಅಲ್ಲಿ 'ಕ್ರಿಸ್ಪ್ಸ್' ಅನ್ನಬೇಕು. "ನಿನ್ನ ಪ್ಯಾಂಟು ಚೆನ್ನಾಗಿದೆ" ಅಂತ ಹೊಗಳಿದರೆ ಎದುರಿಗಿದ್ದವನು ಕೆಂಪಾಗುತ್ತಾನೆ, ಏಕೆಂದರೆ ಅಲ್ಲಿ ಪ್ಯಾಂಟು ಅಂದರೆ ಒಳಚಡ್ಡಿ. ಯಾರಾದರೂ ಎದುರು ಸಿಕ್ಕಿ "ಆಲ್ ರೈಟ್?" ಅಂದರೆ ಆರೋಗ್ಯ ವಿಚಾರಿಸಿದ್ದಲ್ಲ, ಬರೀ ನಮಸ್ಕಾರ. ಸಾಲು ಮುರಿದು ಮುಂದೆ ನುಗ್ಗಿದರೆ ಯಾರೂ ಕೂಗಾಡುವುದಿಲ್ಲ, ಕಣ್ಣಲ್ಲೇ ಸುಡುತ್ತಾರೆ.

ಇವನ್ನೆಲ್ಲ ಅವನಿಗೆ ಕಲಿಸುವುದು ಯಾವ ಶಾಲೆ? ಅಲ್ಲಿಯ ಬೀದಿ, ಬಸ್ಸು, ಅಂಗಡಿ. ಅವನು ಅಮೆರಿಕದವನು ಅಂತ ಲಂಡನ್ನಿನ ಬಸ್ ಡ್ರೈವರ್ ತನ್ನ ಮಾತು ಬದಲಿಸುವುದಿಲ್ಲ. ತನ್ನ ಮಾತನ್ನೇ ಆಡುತ್ತಾನೆ, ಬಂದವನು ಮೂರು ತಿಂಗಳಲ್ಲಿ ಹಾದಿಗೆ ಬರುತ್ತಾನೆ. ಅದರಲ್ಲಿ ದ್ವೇಷವಿಲ್ಲ, ಜಗಳವಿಲ್ಲ. ತನ್ನ ಮನೆಯಲ್ಲಿ ತನ್ನ ಮಾತಾಡುವ ಸಹಜ ಧೈರ್ಯ, ಅಷ್ಟೇ.

ನಮ್ಮ ಮಾತಿನ ಒಳಮನೆ

ಈಗ ನಮ್ಮ ಊರಿಗೆ ಬನ್ನಿ. ಹೊರಗಿನವರ ಮಾತು ಬಿಡಿ, ಕಲಬುರಗಿಯಿಂದಲೋ ವಿಜಯಪುರದಿಂದಲೋ ಶಿವಮೊಗ್ಗಕ್ಕೆ ವರ್ಗವಾಗಿ ಬಂದ ನಮ್ಮ ಕನ್ನಡದ ಮೇಷ್ಟ್ರನ್ನೇ ಕೇಳಿ. ಅವರ 'ಉಳ್ಳಾಗಡ್ಡಿ' ಇಲ್ಲಿ 'ಈರುಳ್ಳಿ', ತೀರ್ಥಹಳ್ಳಿ ಕಡೆ ಹೋದರೆ 'ನೀರುಳ್ಳಿ'. ಅವರ 'ಚುನಮರಿ' ಇಲ್ಲಿ 'ಮಂಡಕ್ಕಿ', ಮೈಸೂರಿಗೆ ಹೋದರೆ 'ಪುರಿ'. ಅವರು "ಏನ್ರೀ" ಅಂದರೆ ಮಲೆನಾಡಿನವರು "ಎಂತ ಮಾರಾಯ್ರೇ" ಅನ್ನುತ್ತಾರೆ. ಮನೆಗೆ ಹೋದರೆ ಮೊದಲು ನೀರು ಬೆಲ್ಲ, "ಆಸರಿಗೆ ಎಂತ ಕೊಡ್ಲಿ?" ಅನ್ನುವ ಉಪಚಾರ, ಊಟವಾದ ಮೇಲೆ 'ಕವಳ' ಅಂದರೆ ಎಲೆಅಡಿಕೆ. ಅಡಿಕೆ ಮಂಡಿಯ ಊರಿನಲ್ಲಿ ಕವಳದ ತಟ್ಟೆ ಮುಂದಿಟ್ಟರು ಅಂದರೆ ನಿಮ್ಮನ್ನು ಮನೆಯವರಂತೆ ಕಂಡರು ಅಂತ ಅರ್ಥ. ಆ ಮೇಷ್ಟ್ರು ಇದನ್ನೆಲ್ಲ ಒಂದು ವರ್ಷದಲ್ಲಿ ಕಲಿಯುತ್ತಾರೆ. ಹೇಗೆ? ನೀವು ಅವರೊಡನೆ ನಿಮ್ಮ ಕನ್ನಡವನ್ನೇ ಆಡುತ್ತೀರಿ, ಅದಕ್ಕೆ.

ಅದೇ ಹೊರ ರಾಜ್ಯದವನು ಬಂದರೆ? 'ಮೂವತ್ತು ದಿನದಲ್ಲಿ ಕನ್ನಡ' ಅನ್ನುವ ಪುಸ್ತಕ ಕೈಗೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಆ ಪುಸ್ತಕದಲ್ಲಿ "ನಾನು ಹೋಗುತ್ತೇನೆ" ಅಂತ ಇರುತ್ತದೆ. ಹೊರಡುವಾಗ ಹಾಗೆ ಅಂದರೆ ಮನೆಯ ಅಜ್ಜಿ ಬೆಚ್ಚಿಬೀಳುತ್ತಾರೆ! "ಹೋಗಿ ಬರ್ತೀನಿ" ಅನ್ನಬೇಕು ಅಂತ ಅವನಿಗೆ ಹೇಳಿದವರು ಯಾರು? "ಊಟ ಆಯ್ತಾ?" ಅಂದರೆ ಊಟಕ್ಕೆ ಕರೆದದ್ದಲ್ಲ, ಕ್ಷೇಮ ಕೇಳಿದ್ದು, "ಆಯ್ತು, ನಿಮ್ದು?" ಅಂದರೆ ಸಾಕು. ಕಾಫಿಗೆ ಮೊದಲ ಸಲ "ಬೇಡ" ಅನ್ನುವುದು ಸಂಕೋಚ, ಎರಡನೇ ಸಲ ಕೇಳುವುದು ಮನೆಯವರ ಮರ್ಯಾದೆ. ಕೆಲಸ ಕೇಳಿಕೊಂಡು ಬಂದವನಿಗೆ ಸಾಹುಕಾರರು "ನೋಡೋಣ" ಅಂದರೆ ಬಹುಪಾಲು "ಆಗಲ್ಲ" ಅಂತಲೇ. ವಯಸ್ಸಾದವರಿಗೆ 'ನೀನು' ಅಂದರೆ ಪೆಟ್ಟು ಬಿದ್ದಂತೆ, 'ನೀವು' ಅಂದರೆ ಅರ್ಧ ಕೆಲಸ ಆದಂತೆ. ಇದು ವ್ಯಾಕರಣದ ಪಾಠವಲ್ಲ, ಬದುಕಿನ ಪಾಠ. ಬೀದಿಯೇ ಕಲಿಸಬೇಕು.

ಕಪ್ಪು ಹಲಗೆ ಇಲ್ಲದ ಶಾಲೆ

ನಮ್ಮಲ್ಲಿ ಅಂಥ ಶಾಲೆ ಇತ್ತು. ಅದರ ಹೆಸರು ಭದ್ರಾವತಿ! ಬೆಂಕಿಪುರ ಅನ್ನುತ್ತಿದ್ದ ಸಣ್ಣ ಊರಿನಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಿತು. ಹಿಂದಿದ್ದದ್ದು ಸರ್ ಎಂ. ವಿಶ್ವೇಶ್ವರಯ್ಯನವರ ಕನಸು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. 1923ರಲ್ಲಿ ಕಬ್ಬಿಣ ಹರಿಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಹುಟ್ಟಿತು. ಕೆಲಸ ಹುಡುಕಿಕೊಂಡು ತಮಿಳರು ಬಂದರು, ತೆಲುಗರು ಬಂದರು, ಮಲಯಾಳಿಗಳು ಬಂದರು.

ಅವರಿಗೆ ಕನ್ನಡ ಕಲಿಸಲು ಯಾವ ಸರ್ಕಾರವೂ ಸುತ್ತೋಲೆ ಹೊರಡಿಸಲಿಲ್ಲ. ಕುಲುಮೆಯ ಮುಂದೆ "ಸರಿ ಆಕಡೆ!" ಅಂತ ಪಕ್ಕದವನು ಕೂಗಿದ್ದು ಅರ್ಥವಾಗದಿದ್ದರೆ ಕಾಲು ಸುಡುತ್ತಿತ್ತು, ಅದಕ್ಕೇ ಕಲಿತರು. ಕ್ಯಾಂಟೀನಿನ ಸಾಲಿನಲ್ಲಿ, ಕ್ವಾರ್ಟರ್ಸ್ ನಲ್ಲಿಯ ಮುಂದೆ, ಪಾಳಿ ಬದಲಾಗುವ ಹೊತ್ತಿನ ಬೀಡಿ ಹೊಗೆಯಲ್ಲಿ, ಸಂಘದ ಸಭೆಯಲ್ಲಿ ಕಲಿತರು. ಮನೆಯಲ್ಲಿ ತಮಿಳು ಆಡುವವರು ಭದ್ರಾವತಿಯಲ್ಲಿ ಈಗಲೂ ಇದ್ದಾರೆ. ಆಡಲಿ, ಅದು ಅವರ ತಾಯಿನುಡಿ. ಆದರೆ ಹೊಸಮನೆಯಲ್ಲೋ ಜನ್ನಾಪುರದಲ್ಲೋ ಅವರ ಮೊಮ್ಮಕ್ಕಳು ಕನ್ನಡದಲ್ಲಿ ಜಗಳ ಆಡುವುದನ್ನು ಒಮ್ಮೆ ಕೇಳಿ. ಜಗಳ ಆಡುವಷ್ಟು ಬಂದರೆ ಭಾಷೆ ಬಂತು ಅಂತಲೇ ಲೆಕ್ಕ.

ಆ ಶಾಲೆಯ ಗತಿ ಏನಾಯಿತು? ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಅದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಸೊರಗಿದರೆ ಹೋಗುವುದು ಸಂಬಳ ಮಾತ್ರವಲ್ಲ. ನಾಲ್ಕು ಭಾಷೆಯವರನ್ನು ಒಂದು ಕುಲುಮೆಯ ಮುಂದೆ ನಿಲ್ಲಿಸಿ ಕನ್ನಡಿಗರನ್ನಾಗಿ ಮಾಡುತ್ತಿದ್ದ ಜಾಗವೂ ಹೋಗುತ್ತದೆ. ಈ ನಷ್ಟವನ್ನು ಯಾವ ಬ್ಯಾಲೆನ್ಸ್ ಶೀಟಿನಲ್ಲಿ ಬರೆದಿದ್ದಾರೆ?

ಈಗ ಬರುವವರು

ಬರುವವರು ಮಾತ್ರ ನಿಂತಿಲ್ಲ. ಕಟ್ಟಡದ ಕೆಲಸಕ್ಕೆ ಬರುತ್ತಾರೆ, ಹೋಟೆಲಿಗೆ ಬರುತ್ತಾರೆ, ಬ್ಯಾಂಕಿಗೆ ಬರುತ್ತಾರೆ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಉದ್ಘಾಟನೆಯಾಯಿತು. ಅದಕ್ಕೆ ರಾಷ್ಟ್ರಕವಿ ಕುವೆಂಪು ಹೆಸರು. ಕುವೆಂಪು ಹೆಸರಿನ ಬಾಗಿಲಿಂದ ಒಳಗೆ ಬಂದವನಿಗೆ ಹೊರಗೆ ನಿಂತ ಆಟೋದಿಂದ ಕೇಳಿಸುವ ಮೊದಲ ಮಾತು "ಕಹಾಂ ಜಾನಾ ಹೈ?" ಆದರೆ ಆ ಹೆಸರು ಇಟ್ಟು ಏನು ಬಂತು?

ಇದರ ಪೆಟ್ಟು ಯಾರಿಗೆ ಬೀಳುತ್ತದೆ ಗೊತ್ತೇ? ನಿಮಗಲ್ಲ, ನಿಮಗೆ ಅಷ್ಟಿಷ್ಟು ಹಿಂದಿ, ಇಂಗ್ಲಿಷ್ ಬರುತ್ತದೆ. ಹಳ್ಳಿಯಿಂದ ಪಿಂಚಣಿ ಹಣಕ್ಕೆ ಬಸ್ಸು ಹತ್ತಿ ಬಂದ ಅಜ್ಜಿಗೆ ಬೀಳುತ್ತದೆ. ಕೌಂಟರಿನ ಒಳಗಿರುವವರು ಏನೋ ಅನ್ನುತ್ತಾರೆ, ಅವಳಿಗೆ ತಿಳಿಯುವುದಿಲ್ಲ. ಅವಳು ಏನೋ ಕೇಳುತ್ತಾಳೆ, ಅವರಿಗೆ ತಿಳಿಯುವುದಿಲ್ಲ. ತನ್ನ ಹಣ, ತನ್ನ ಊರು, ತನ್ನ ಭಾಷೆ. ಆದರೂ ಅಪರಿಚಿತಳಂತೆ ಚೀಟಿ ಹಿಡಿದು ಯಾರದೋ ಮುಖ ನೋಡುತ್ತಾ ನಿಲ್ಲಬೇಕು! ನೀವು ಅದೇ ಕೌಂಟರಿನಲ್ಲಿ ಹಿಂದಿಯಲ್ಲಿ ನಿಮ್ಮ ಕೆಲಸ ಮುಗಿಸಿಕೊಂಡು ಹೊರಬಂದಿರಲ್ಲ, ಆ ಅಧಿಕಾರಿಗೆ ಕನ್ನಡದ ಅಗತ್ಯವಿಲ್ಲ ಅಂತ ಪಾಠ ಹೇಳಿಕೊಟ್ಟವರು ನೀವೇ. ನಿಮ್ಮ ಅನುಕೂಲಕ್ಕೆ ಬೆಲೆ ಕೊಟ್ಟವಳು ಆ ಅಜ್ಜಿ.

"ಅವರಿಗೆ ಕನ್ನಡ ಬರುವುದಿಲ್ಲ ಬಿಡ್ರೀ" ಅನ್ನುವವರಿಗೆ ಒಂದು ಮಾತು. ಜರ್ಮನಿಯಿಂದ 1853ರಲ್ಲಿ ಬಂದ ಕಿಟ್ಟೆಲ್ ಸಾಹೇಬರು ಕನ್ನಡ ಕಲಿತು 1894ರಲ್ಲಿ ನಮಗೇ ನಿಘಂಟು ಕೊಟ್ಟರು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದ್ ಅವರ ಮನೆಮಾತು ಉರ್ದು. ಇವರ ಸುತ್ತ ಕನ್ನಡ ಕೇಳಿಸುತ್ತಿತ್ತು, ಆದ್ದರಿಂದ ಬಂತು. ಕೇಳಿಸದ ಕಡೆ ಯಾರಿಗೂ ಬರುವುದಿಲ್ಲ.

ನೀವು ಮಾಡಬೇಕಾದದ್ದು

2014ರ ನವೆಂಬರ್ 1ರಂದು 'ಶಿಮೊಗ' ಹೋಗಿ ಇಂಗ್ಲಿಷಿನಲ್ಲೂ 'ಶಿವಮೊಗ್ಗ' ಆಯಿತು. 2024ರಲ್ಲಿ ನಾಮಫಲಕದ ಶೇಕಡಾ 60ರಷ್ಟು ಭಾಗ ಕನ್ನಡವಿರಬೇಕೆಂದು ಕಾನೂನಿಗೆ ತಿದ್ದುಪಡಿ ಬಂತು. ಎರಡೂ ಹೋರಾಟದ ಫಲ, ಸಂತೋಷ. ಆದರೆ ಬೋರ್ಡಿನ ಕನ್ನಡವನ್ನು ಅಳತೆಪಟ್ಟಿ ಹಿಡಿದು ಅಳೆಯುವ ನಾವು ಬಾಯಿಯ ಕನ್ನಡವನ್ನು ಅಳೆದಿದ್ದೇವೆಯೇ?

ಆದ್ದರಿಂದ ನಾಳೆ ಬೆಳಿಗ್ಗೆಯಿಂದಲೇ ಶುರುವಾಗಲಿ. ಮೊದಲ ಮಾತು ಕನ್ನಡದಲ್ಲೇ ಆಡಿ, ಎದುರಿನವರು ಯಾರೇ ಇರಲಿ. ತಿಳಿಯದಿದ್ದರೆ ಎರಡನೇ ಸಲವೂ ಕನ್ನಡದಲ್ಲೇ ನಿಧಾನಕ್ಕೆ ಹೇಳಿ, ಕೈಸನ್ನೆ ಸೇರಿಸಿ. ಯಾರಾದರೂ ಹರಕುಮುರುಕು ಕನ್ನಡ ಆಡಿದರೆ ನಗಬೇಡಿ, ದಯವಿಟ್ಟು ನಗಬೇಡಿ. ಒಮ್ಮೆ ನಕ್ಕರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ. ಬ್ಯಾಂಕಿನಲ್ಲಿ ಕನ್ನಡದ ಚಲನ್ ಕೇಳಿ, ಇಲ್ಲದಿದ್ದರೆ ಯಾಕಿಲ್ಲ ಅಂತ ಲಿಖಿತವಾಗಿ ಕೇಳಿ. ಪಕ್ಕದ ಬಾಡಿಗೆ ಮನೆಗೆ ಹೊಸಬರು ಬಂದರೆ ಹಬ್ಬಕ್ಕೆ ಕರೆಯಿರಿ. ಎಳ್ಳುಬೆಲ್ಲ ಕೈಗಿಟ್ಟು ಅದರ ಮಾತನ್ನೂ ಹೇಳಿಕೊಡಿ. ಬರೀ ಬೈದು ಕಳಿಸಿದರೆ ಅವರು ಕನ್ನಡ ಕಲಿಯುವುದಿಲ್ಲ, ಕನ್ನಡಿಗರಿಗೆ ಹೆದರುವುದನ್ನು ಕಲಿಯುತ್ತಾರೆ. ಹೆದರಿಕೆ ಎಷ್ಟು ದಿನ ನಿಲ್ಲುತ್ತದೆ?

ಇಷ್ಟೆಲ್ಲ ಮಾಡಿದ ಮೇಲೂ ಹತ್ತು ವರ್ಷ ಇಲ್ಲಿಯ ಅನ್ನ ತಿಂದು "ಕನ್ನಡ ಗೊತ್ತಿಲ್ಲ" ಅಂತ ಎದೆ ಸೆಟೆಸಿ ಹೇಳುವವರು ಇದ್ದರೆ, ಆಗ ಕೇಳುವ ಹಕ್ಕು ನಮಗಿದೆ. ಗಟ್ಟಿಯಾಗಿಯೇ ಕೇಳೋಣ. ಆದರೆ ಆ ಹಕ್ಕು ಬಾಯಲ್ಲಿ ಕನ್ನಡ ಇಟ್ಟುಕೊಂಡವನಿಗೆ ಮಾತ್ರ. "ಪಚಾಸ್ ರೂಪಾಯಿ, ಭಯ್ಯಾ" ಅಂದವನಿಗಲ್ಲ!